ಜೀಪಿನ ಜ್ವರ

ಮನುಷ್ಯನಿಗೆ ಜ್ವರ ಬಂದರೆ ಊರಿನಲ್ಲಿ ಒಬ್ಬ ವೈದ್ಯನನ್ನು ಹುಡುಕಬೇಕಾಗುತ್ತದೆ. ಮೋಟಾರಿಗೆ ಜ್ವರ ಬಂದರೆ ಊರಿಗೆ ಊರೇ ವೈದ್ಯವೃಂದವಾಗಿ ನೆರೆಯುತ್ತದೆ. ರಾಮದುರ್ಗ ತಾಲೂಕಿನ ಕಟಕೋಳದಲ್ಲಿ, ಒಂದು ಬೇವಿನ ಮರದ ಕೆಳಗೆ, ಬಾನೆಟ್ಟು ತೆರೆದುಕೊಂಡು ಒಂದು ಜೀಪು ಮಾಘದಿಂದ ಚೈತ್ರದವರೆಗೆ ನಿಂತಿದ್ದಾಗ ಈ ಮಾತಿನ ಸತ್ಯ ದಿನವೂ ಪ್ರತ್ಯಕ್ಷವಾಗುತ್ತಿತ್ತು. ಸಂತೆಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು, ಪಂಪಿನ ಮೋಟಾರು ಸುಟ್ಟು ರಿಪೇರಿಗೆ ತಂದವರು, ಎಲ್ಲರೂ ಒಂದು ಗಳಿಗೆ ಅದರೊಳಗೆ ಇಣುಕಿ, ನಾಡಿ ಹಿಡಿದು, ಒಂದೊಂದು ಔಷಧಿಯನ್ನು ಹೇಳಿ ಮುಂದೆ ಸಾಗುತ್ತಿದ್ದರು.

ಅದು ಮಹೀಂದ್ರ ಕಂಪನಿಯ ಎಂ.ಎಂ. 540 ಜೀಪು. ಹುಟ್ಟುವಾಗ ಅದರ ಹೊಟ್ಟೆಯಲ್ಲಿದ್ದುದು ಫ್ರಾನ್ಸಿನ ಪೆಜೋ ವಿನ್ಯಾಸದ, 2.1 ಲೀಟರಿನ ಡೀಸೆಲ್ ಎಂಜಿನು. ಮನೆಯ ಯಜಮಾನರು ಅದನ್ನು ಕೊಂಡ ಮೇಲೆ ಅದು ಹೊರದ ಹೊರೆಯಿಲ್ಲ. ಹತ್ತಿಯ ಅಂಡಿಗೆ, ಗೊಬ್ಬರದ ಚೀಲ, ಮದುವೆಯ ದಿಬ್ಬಣ, ಮಳೆಗಾಲದ ನಡುರಾತ್ರಿ ಹೆರಿಗೆ ನೋವಿನ ಹೆಣ್ಣುಮಕ್ಕಳು. ಇಂಥ ಸಂದರ್ಭಗಳಲ್ಲಿ ಓಣಿಯವರು ಬಾಗಿಲು ತಟ್ಟುತ್ತಿದ್ದುದು ಆ ಮನೆಯದನ್ನೇ. ವಯಸ್ಸಾದಂತೆ ಎಂಜಿನು ಎಣ್ಣೆ ಕುಡಿಯತೊಡಗಿತು, ಏರು ಕಂಡರೆ ಮುಖ ಮುರಿಯತೊಡಗಿತು. ಗುಜರಿಗೆ ಹಾಕುವ ಮಾತು ಬಂದಾಗ, ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿ ಪುಣೆಯಲ್ಲಿ ನೌಕರಿ ಹಿಡಿದಿದ್ದ ಮಗ ಅಡ್ಡ ಬಂದ. ಅವನು ತನ್ನ ಎರಡು ವರ್ಷಗಳ ಉಳಿತಾಯವನ್ನು ಸುರಿದು, ಅದೇ ಕಂಪನಿಯ ಟರ್ಬೋ ಜೋಡಿಸಿದ 2.5 ಲೀಟರಿನ ಎಂಜಿನನ್ನು ತಂದು ಹಳೆಯ ಒಡಲಿನಲ್ಲಿ ಕೂಡಿಸಿದ. ಎಂಜಿನು ಬದಲಿಸುವುದು ಅಂಗಿ ಬದಲಿಸಿದಷ್ಟು ಸುಲಭವಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಆರ್.ಟಿ.ಓ. ಕಚೇರಿಯ ಮಂಜೂರಾತಿ ಬೇಕು, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತ ಮೇಲಂತೂ ಆ ದಾರಿ ಇನ್ನಷ್ಟು ಕಿರಿದಾಗಿದೆ. ಹುಡುಗ ಬೈಲಹೊಂಗಲದ ಕಚೇರಿಯ ಮೆಟ್ಟಿಲುಗಳನ್ನು ಎಣಿಸಿ ಎಣಿಸಿ ಕಾಗದಪತ್ರ ಸರಿಪಡಿಸಿಕೊಂಡ.

ಇಷ್ಟೆಲ್ಲ ಆದರೂ ತಂದೆಯವರು ಅದರಲ್ಲಿ ಕೂಡ್ರಲಿಲ್ಲ. “ಕಳ್ಳು ಬದಲ್ ಮಾಡಿದ ಮ್ಯಾಲ ಅದು ನನ್ನ ಗಾಡಿ ಹೆಂಗಾತು?” ಎಂದರು.

ಅವರ ಮಾತಿಗೆ ಸಮರ್ಥನೆಯೋ ಎಂಬಂತೆ ಜೀಪು ಕಾಯತೊಡಗಿತು. ಪೇಟೆಯೊಳಗೆ ಮೆಲ್ಲಗೆ ಓಡಿಸಿದರೆ ತಣ್ಣಗಿರುವುದು. ಖಾಲಿಯಾಗಿ ಸಪಾಟು ರಸ್ತೆಯಲ್ಲಿ ಬಿಟ್ಟರೂ ತಣ್ಣಗಿರುವುದು. ಎಂಟು ಜನ ಕುಳಿತು, ಒಂದು ದಿನ್ನೆಯ ಏರು ಸಿಕ್ಕಿತೋ, ಕಾವಿನ ಮುಳ್ಳು ಕೆಂಪು ಗೆರೆಯ ಕಡೆಗೆ ನಡೆಯುವುದು. ಮೊದಲ ಸಲ ಹಾಗಾದಾಗ ಹುಡುಗ ಇನ್ನೊಂದು ಮೈಲಿ ಎಂದು ಓಡಿಸಿದ. ಉಗಿ ಹಾರಿತು, ಹೆಡ್ಡು ಸೊಟ್ಟಾಯಿತು, ಗ್ಯಾಸ್ಕೆಟ್ಟು ಹೋಯಿತು. ಹೆಡ್ಡನ್ನು ಹೆರೆಸಿ ಮಟ್ಟ ಮಾಡಿಸಿದ್ದಾಯಿತು. ಆದರೆ ಒಂದು ಹೆಡ್ಡನ್ನು ಎಷ್ಟು ಸಲ ಹೆರೆಯಬಹುದೆಂಬುದಕ್ಕೆ ಮಿತಿಯಿದೆ. ತಂದೆಯವರು ಆ ದಿನ ಊಟದ ಎಲೆಯ ಮುಂದೆ ತಮ್ಮ ತೀರ್ಪನ್ನು ಹೇಳಿದರು: “ದವನದ ಹುಣ್ಣಿವಿಗೆ ಯಲ್ಲಮ್ಮನ ಗುಡ್ಡಕ್ಕ ಹೋಗಬೇಕು. ಆವಾಗ ಕುದೀತಂದ್ರ, ಅಲ್ಲಿಂದ ಸೀದಾ ಗುಜರಿಗೆ.” ತಾಯಿ ಏನೂ ಹೇಳಲಿಲ್ಲ, ಆ ಜೀಪಿನಲ್ಲಿಯೇ ಅವರು ಚೊಚ್ಚಲ ಮಗನನ್ನು ಮಡಿಲಲ್ಲಿ ಹಿಡಿದು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು.

ಹೀಗೆ ಜೀಪು ಮಿಸ್ತ್ರಿಯವರ ಬೇವಿನ ಮರದ ಕೆಳಗೆ ಬಂದಿತು.

ಊರವರ ಔಷಧಿಗಳಲ್ಲಿ ಮೊದಲನೆಯದು, “ಥರ್ಮೋಸ್ಟಾಟ್ ಕಿತ್ತ ಒಗೀರಿ” ಎಂಬುದು. ನೀರು ಕಾಯುವವರೆಗೆ ಮುಚ್ಚಿದ್ದು, ಕಾದ ಮೇಲೆ ತೆರೆದುಕೊಳ್ಳುವ ಈ ಪುಟ್ಟ ಬಾಗಿಲನ್ನು ಕಂಡರೆ ನಮ್ಮ ಕಡೆಯ ಚಾಲಕರಿಗೆ ಅದೇನು ದ್ವೇಷವೋ! ಅನೇಕ ಎಂಜಿನುಗಳಲ್ಲಿ ಅದು ತೆರೆದಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಆ ಅಡ್ಡದಾರಿಯಿಂದ ಎಂಜಿನಿಗೆ ಮರಳಿ, ರೋಗ ಉಲ್ಬಣಿಸುತ್ತದೆ. ಎರಡನೆಯ ಔಷಧಿ, ಬೋರಿನ ನೀರು ಬಿಟ್ಟು ಬಾವಿಯ ನೀರು ಹಾಕುವುದು. ಇದರಲ್ಲಿ ಅರ್ಧ ಸತ್ಯವಿದೆ. ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹಿಟ್ಟಿನಂಥ ಪದರವನ್ನು ಬಲ್ಲ ಗೃಹಿಣಿಯರಿಗೆ, ಗಡಸು ನೀರು ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಏನು ಮಾಡೀತೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಈ ಜೀಪಿನ ರೇಡಿಯೇಟರು ಪುಣೆಯಿಂದ ತಂದ ಹೊಸದು, ದಪ್ಪನೆಯ ಅಲ್ಯುಮಿನಿಯಮಿನದು. ಅದರೊಳಗೆ ಇನ್ನೂ ಒಂದು ಕಣವೂ ಕಟ್ಟಿರಲಿಲ್ಲ. ಮೂರನೆಯದು, ಬಿಗಿಯಾದ ಮುಚ್ಚಳ. ರೇಡಿಯೇಟರಿನ ಮುಚ್ಚಳವೆಂದರೆ ಅಡಿಗೆಮನೆಯ ಕುಕ್ಕರಿನ ಮುಚ್ಚಳವೇ: ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಮಟ್ಟವೂ ಏರುತ್ತದೆ. ಸಮುದ್ರಮಟ್ಟಕ್ಕಿಂತ ಅರ್ಧ ಕಿಲೋಮೀಟರಿಗೂ ಎತ್ತರದಲ್ಲಿರುವ ಕಟಕೋಳದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಒಳ್ಳೆಯ ಮುಚ್ಚಳವಿದ್ದರೆ ರೇಡಿಯೇಟರಿನಲ್ಲಿ 115ನ್ನು ದಾಟಿದರೂ ಕುದಿಯುವುದಿಲ್ಲ. ಆದರೆ ಮುಚ್ಚಳವು ಕುದಿತವನ್ನು ಮುಂದಕ್ಕೆ ಹಾಕುತ್ತದೆಯೇ ವಿನಾ ಶಾಖವನ್ನು ಮನೆಯಿಂದ ಹೊರಗೆ ಅಟ್ಟುವುದಿಲ್ಲ.

ಶಾಖದ ಈ ಜಗಳ ಮೋಟಾರಿನಷ್ಟೇ ಹಳೆಯದು. 1888ರಲ್ಲಿ ಬರ್ತಾ ಬೆಂಜ್ ಎಂಬ ಜರ್ಮನ್ ಗೃಹಿಣಿ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಅವನೇ ನಿರ್ಮಿಸಿದ ಗಾಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ನೂರು ಕಿಲೋಮೀಟರಿನಷ್ಟು ದೂರ ಹೊರಟಾಗ, ದಾರಿಯುದ್ದಕ್ಕೂ ಆ ಎಂಜಿನಿಗೆ ನೀರುಣಿಸುತ್ತಲೇ ಹೋಗಬೇಕಾಯಿತು. ಅದರಲ್ಲಿ ನೀರು ಆವಿಯಾಗಿ ಹಾರಿಹೋಗುವುದೇ ತಂಪಿನ ಉಪಾಯವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದ ನಮ್ಮ ಇದ್ದಿಲು ಬಸ್ಸುಗಳನ್ನು ಹಿರಿಯರಿಂದ ಕೇಳಿದವರಿಗೆ, ಏರಿನಲ್ಲಿ ಪ್ರಯಾಣಿಕರು ಇಳಿದು ನೂಕಿದ ಕಥೆಗಳು ಹೊಸವಲ್ಲ.

ಟರ್ಬೋ ಬಂದು ಈ ಜಗಳಕ್ಕೆ ತುಪ್ಪ ಸುರಿಯಿತು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿ ಹಕ್ಕುಪತ್ರ ಪಡೆದ ಈ ಉಪಾಯ ಕಮ್ಮಾರನ ತಿದಿಯ ಸೋದರಸಂಬಂಧಿ. ಒಲೆಯ ಹೊಗೆಯೇ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರವೇ ಒಲೆಗೆ ಗಾಳಿ ಊದಿದರೆ ಹೇಗೋ ಹಾಗೆ: ಎಂಜಿನು ಹೊರಚೆಲ್ಲುವ ಬಿಸಿ ಅನಿಲ ಚಕ್ರವನ್ನು ನಿಮಿಷಕ್ಕೆ ಲಕ್ಷ ಸುತ್ತಿಗೂ ಮಿಕ್ಕಿ ತಿರುಗಿಸುತ್ತದೆ, ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಅದುಮಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಡೀಸೆಲ್ಲೂ ಹೆಚ್ಚು ಉರಿದೀತು, ಬಲ ಬಂದೀತು. ಆದರೆ ಉರಿದ ಡೀಸೆಲ್ಲಿನ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಗಾಲಿಯ ಕೆಲಸಕ್ಕೆ ಬರುತ್ತದೆ. ಒಂದು ಪಾಲು ಹೊಗೆಯೊಡನೆ ಹೋಗುತ್ತದೆ, ಉಳಿದುದರ ಬಹುಭಾಗವನ್ನು ರೇಡಿಯೇಟರಿನ ನೀರು ಹೊತ್ತು ಹಾಕಬೇಕು. ಬಲ ಒಂದೂವರೆಯಾದರೆ ನೀರಿನ ಹೊರೆಯೂ ಹೆಚ್ಚುಕಡಿಮೆ ಒಂದೂವರೆ. ಅದುಮಿದ ಗಾಳಿಯೂ ತನ್ನಷ್ಟಕ್ಕೆ ತಾನೇ ಕಾಯುತ್ತದೆ: 35 ಡಿಗ್ರಿಯ ಗಾಳಿಯ ಒತ್ತಡವನ್ನು ಇಮ್ಮಡಿ ಮಾಡಿದರೆ ಅದು ನೂರು ಡಿಗ್ರಿಯನ್ನು ಮೀರುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಎಂಬ ಇನ್ನೊಂದು ಜಾಳಿಗೆ ಬೇಕು. ಹುಡುಗ ಅದನ್ನು ರೇಡಿಯೇಟರಿನ ಮುಂದೆಯೇ ಕೂಡಿಸಿದ್ದ. ಹೀಗಾಗಿ ರೇಡಿಯೇಟರಿಗೆ ಸಿಗುತ್ತಿದ್ದುದು ಇನ್ನೊಬ್ಬರು ಉಂಡ ಎಲೆಯ ಗಾಳಿ.

ಮಿಸ್ತ್ರಿಯವರು ಇಷ್ಟೆಲ್ಲವನ್ನು ಪುಸ್ತಕದಲ್ಲಿ ಓದಿದವರಲ್ಲ. ಆದರೆ ಅವರಲ್ಲಿ ಒಂದು ಶಿಸ್ತಿತ್ತು: ಒಂದು ದಿನಕ್ಕೆ ಒಂದೇ ಬದಲಾವಣೆ. ಹುಡುಗ ಪುಣೆಯಿಂದ ಶನಿವಾರ ಬಂದಾಗಲೆಲ್ಲ ನಾಲ್ಕು ಹೊಸ ಸಾಮಾನು ತರುವನು, ನಾಲ್ಕನ್ನೂ ಒಮ್ಮೆಗೇ ಹಾಕಬೇಕೆನ್ನುವನು. “ನಾಕೂ ಕೂಡಿ ಹಾಕಿದ್ರ ಯಾವುದರಿಂದ ಆರಾಮಾತು ಅಂತ ಹೆಂಗ ತಿಳೀತೈತಿ, ತಮ್ಮಾ?” ಎಂದು ಮಿಸ್ತ್ರಿಯವರು ಮೂರನ್ನು ಗೂಡಿನಲ್ಲಿ ಎತ್ತಿಡುವರು. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ತಾರೀಖು, ಏರು, ಜನರ ಸಂಖ್ಯೆ, ಮುಳ್ಳು ನಿಂತ ಜಾಗ—ಇವನ್ನು ಪೆನ್ಸಿಲಿನಿಂದ ಬರೆದಿಡುವರು. ರೇಡಿಯೇಟರಿನ ಬಾಯಿಯಲ್ಲಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಏಳಲಿಲ್ಲ, ಆದುದರಿಂದ ಗ್ಯಾಸ್ಕೆಟ್ಟು ಸರಿ. ಬೆಲ್ಟು ಜಾರುತ್ತಿರಲಿಲ್ಲ. ಪಂಪು ನೀರನ್ನು ಎತ್ತುತ್ತಿತ್ತು. ಥರ್ಮೋಸ್ಟಾಟನ್ನು ಕೆಟಲಿನ ಬಿಸಿನೀರಿನಲ್ಲಿ ಮುಳುಗಿಸಿದಾಗ ಅದು ಸಕಾಲಕ್ಕೆ ಬಾಯಿ ಬಿಟ್ಟಿತು.

ಕಡೆಗೆ ಅವರು ಚಹದಂಗಡಿಯಿಂದ ಒಂದು ಹಳೆಯ ವಾರಪತ್ರಿಕೆಯನ್ನು ತರಿಸಿದರು. ಎಂಜಿನು ಓಡುತ್ತಿರುವಾಗ ಅದರ ಒಂದು ಹಾಳೆಯನ್ನು ಜೀಪಿನ ಮೂತಿಯ ಜಾಳಿಗೆಗೆ ಒಡ್ಡಿದರು. ಫ್ಯಾನು ಗಾಳಿಯನ್ನು ಸರಿಯಾಗಿ ಎಳೆಯುತ್ತಿದ್ದರೆ ಹಾಳೆ ಅಲ್ಲಿಯೇ ಅಂಟಿ ನಿಲ್ಲಬೇಕು. ನಡುವೆ ಒಂದು ತಟ್ಟೆಯಗಲ ಅಂಟಿತು. ನಾಲ್ಕು ಮೂಲೆಗಳಲ್ಲಿ ಪಟಪಟನೆ ಬಡಿದುಕೊಂಡು ಹರಿದು ಬಿದ್ದಿತು. (ಧಾರಾವಾಹಿಯ ನಾಯಕಿ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಹಾಳೆ ಹರಿದುದರಿಂದ, ಚಹದಂಗಡಿಯ ಹುಡುಗನಿಗೆ ಬಂದವನು ಯಾರೆಂಬುದು ಇಂದಿಗೂ ತಿಳಿದಿಲ್ಲ.) ಅನಂತರ ಮಿಸ್ತ್ರಿಯವರು ಹತ್ತಿಯ ಎಳೆಗಳನ್ನು ಹೊಸೆದು ರೇಡಿಯೇಟರಿನ ಹಿಂದೆ, ಅಂಚಿನುದ್ದಕ್ಕೂ ಅಂಟಿಸಿದರು. ಎಳೆಗಳು ರೇಡಿಯೇಟರಿನಿಂದ ಹಿಂದಕ್ಕೆ ಚಾಚದೆ, ಪಕ್ಕದ ಸಂದಿಯಿಂದ ಫ್ಯಾನಿನತ್ತ ವಾಲಿ ನಿಂತವು.

ರೋಗ ನೀರಿನಲ್ಲಿರಲಿಲ್ಲ, ಗಾಳಿಯಲ್ಲಿತ್ತು. ಹೊಸ ಎಂಜಿನು ಹಳೆಯದಕ್ಕಿಂತ ಹಿಂದಕ್ಕೆ ಕುಳಿತುದರಿಂದ ಫ್ಯಾನು ರೇಡಿಯೇಟರಿನಿಂದ ಒಂದು ಗೇಣು ದೂರವಾಗಿತ್ತು. ಸುತ್ತಲೂ ಕವಚವಿಲ್ಲದ್ದರಿಂದ ಅದು ಎಂಜಿನಿನ ಸುತ್ತಲಿನ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಕಲಕುತ್ತಿತ್ತು. ಸಪಾಟು ರಸ್ತೆಯಲ್ಲಿ ಓಟದ ಗಾಳಿಯೇ ರೇಡಿಯೇಟರಿನೊಳಗೆ ನುಗ್ಗುವುದರಿಂದ ಈ ದೋಷ ಮುಚ್ಚಿಹೋಗುತ್ತಿತ್ತು; ಪೇಟೆಯಲ್ಲಿ ಶಾಖವೇ ಕಡಿಮೆ. ಏರಿನಲ್ಲಿ ಮಾತ್ರ, ಓಟ ಕುಂದಿ ಶಾಖ ಹೆಚ್ಚಿದಾಗ, ಎಲ್ಲ ಭಾರ ಫ್ಯಾನಿನ ಮೇಲೆಯೇ ಬೀಳುತ್ತಿತ್ತು. ಹದಿನೈದು ಕಿಲೋ ಎಣ್ಣೆಯ ಎರಡು ಡಬ್ಬಿಗಳನ್ನು ಕತ್ತರಿಸಿ, ರೇಡಿಯೇಟರಿನಿಂದ ಫ್ಯಾನಿನವರೆಗೆ ತಗಡಿನ ಕವಚವೊಂದು ಸಿದ್ಧವಾಯಿತು, ಫ್ಯಾನಿನ ಎಲೆಗಳು ಅದರ ಬಾಯಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಸಂದಿಗಳಿಗೆ ಹಳೆಯ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರು. ಮುಂದೆ ಹುಡುಗ ಶೋಕಿಗಾಗಿ ಹಾಕಿಸಿದ್ದ ನಾಲ್ಕು ದೊಡ್ಡ ದೀಪಗಳು ಗಾಳಿಯ ದಾರಿಯಿಂದ ಕೆಳಗಿಳಿದವು. ಇಂಟರ್‌ಕೂಲರನ್ನು ಒಂದು ಪಕ್ಕಕ್ಕೆ ಸರಿಸಲಾಯಿತು.

ಮುಳ್ಳು ಬಹಳ ಮಟ್ಟಿಗೆ ಇಳಿಯಿತು, ಪೂರ್ತಿಯಾಗಿ ಇಳಿಯಲಿಲ್ಲ. ಏರಿನಲ್ಲಿ ಹಿಂದೆ ಕರಿಯ ಹೊಗೆ ಉಗುಳುತ್ತಿದ್ದುದನ್ನು ಮಿಸ್ತ್ರಿಯವರು ಮೊದಲ ದಿನವೇ ನೋಡಿದ್ದರೂ ಅದರ ಮಾತನ್ನು ಕಡೆಗೆ ಎತ್ತಿದರು. ಬಲ ಇನ್ನಷ್ಟು ಬರಲೆಂದು ಡೀಸೆಲ್ ಪಂಪಿನ ತಿರುಪನ್ನು ಹುಡುಗ ಯಾರಿಂದಲೋ ತಿರುಗಿಸಿ ತಂದಿದ್ದ. ಉರಿಯಲು ಗಾಳಿ ಸಾಲದ ಡೀಸೆಲ್ಲು ಹೊಗೆಯಾಗುತ್ತದೆ, ಹೊಗೆಯ ಕಾವು ಹೆಡ್ಡನ್ನು ಸುಡುತ್ತದೆ.

“ಅರ್ಧ ಸುತ್ತ ಹಿಂದಕ್ಕ ತಗೋಳೂಣು.”

“ಕಾಕಾ, ಜೋರು ಹೋಗತೈತ್ರಿ. ಅದಕ್ಕಂತನ ಇಷ್ಟೆಲ್ಲಾ ಮಾಡೀನ್ರಿ.”

“ನಿಮ್ಮ ಅಪ್ಪಗ ಜೋರು ಬೇಕಾಗಿಲ್ಲ ತಮ್ಮಾ. ಗುಡ್ಡಾ ಹತ್ತಿದ್ರ ಸಾಕಾಗೇತಿ.”

ಹುಡುಗ ಬಹಳ ಹೊತ್ತು ಆ ತಿರುಪನ್ನೇ ನೋಡುತ್ತ ನಿಂತ. ಪುಣೆಯ ಗೆಳೆಯರೆದುರು ಎಷ್ಟು ಸಲ ಆ ಅಶ್ವಶಕ್ತಿಯ ಅಂಕಿಯನ್ನು ಹೇಳಿಕೊಂಡಿದ್ದನೋ! ಆಮೇಲೆ ಸ್ಪ್ಯಾನರನ್ನು ತಾನೇ ಕೈಗೆ ತೆಗೆದುಕೊಂಡು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದ. ಆ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಎಂಟು ಜನರನ್ನು ಕೂಡಿಸಿ ಅದೇ ದಿನ್ನೆಯನ್ನು ಮೂರು ಸಲ ಹತ್ತಿಸಿದರು. ಮುಳ್ಳು 95ರ ಹತ್ತಿರ ಹೋಗಿ, ಅಲ್ಲಿಯೇ ನಿಂತಿತು. ಮಿಸ್ತ್ರಿಯವರು ಕ್ಯಾಲೆಂಡರಿನ ಬೆನ್ನ ಮೇಲೆ ಅದನ್ನೂ ಬರೆದು, ಒಂದು ಪಥ್ಯ ಹೇಳಿದರು: ಏರಿ ಬಂದ ಕೂಡಲೇ ಎಂಜಿನು ಆರಿಸಬಾರದು; ಟರ್ಬೋದ ಚಕ್ರ ಕೆಂಪಗೆ ಕಾದಿರುತ್ತದೆ, ಎಣ್ಣೆ ನಿಂತುಬಿಟ್ಟರೆ ಅದರ ಬೇರಿಂಗಿನಲ್ಲಿಯೇ ಸೀದು ಕರಿಯಾಗುತ್ತದೆ. ಒಂದು ನಿಮಿಷ ಸುಮ್ಮನೆ ಓಡುತ್ತಿರಬೇಕು.

ದವನದ ಹುಣ್ಣಿಮೆಯ ದಿನ ಜೀಪಿನಲ್ಲಿ ಒಂಬತ್ತು ಜನರಿದ್ದರು. ತಂದೆಯವರು ಮುಂದಿನ ಆಸನವನ್ನು ಬಿಟ್ಟು ಹಿಂದೆ, ಬುತ್ತಿಯ ಗಂಟಿನ ಪಕ್ಕದಲ್ಲಿ ಕುಳಿತರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಮುಂದಿನವರ ಹೆಗಲುಗಳ ನಡುವಿನಿಂದ ಮುಳ್ಳನ್ನು ಮಾತ್ರ ನೋಡುತ್ತಿದ್ದರು. ಸವದತ್ತಿ ದಾಟಿ, ಯಲ್ಲಮ್ಮನ ಗುಡ್ಡದ ಏರಿನಲ್ಲಿ ಟ್ರ್ಯಾಕ್ಟರುಗಳ, ಚಕ್ಕಡಿಗಳ ಸಾಲಿನ ಹಿಂದೆ ನಡಿಗೆಯ ವೇಗದಲ್ಲಿ ತೆವಳಬೇಕಾಯಿತು. ದಾರಿಯ ಬದಿಯಲ್ಲಿ ಎರಡು ಗಾಡಿಗಳು ಬಾನೆಟ್ಟು ತೆರೆದು ಉಗಿ ಬಿಡುತ್ತ ನಿಂತಿದ್ದವು. ಹುಡುಗನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

ಮೇಲೆ, ಗಾಡಿಗಳು ನಿಲ್ಲುವ ಬಯಲಿನಲ್ಲಿ, ಅವನು ಕೀಲಿಕೈಗೆ ಕೈ ಹಾಕಿದ.

“ತಡಿ,” ಎಂದರು ತಂದೆಯವರು ಹಿಂದಿನಿಂದ. “ಒಂದ್ ನಿಮಿಷ ಓಡ್ಲಿ. ಮಿಸ್ತ್ರಿ ಹೇಳಿಲ್ಲೇನು?”

ಎಂಜಿನು ಗೊಣಗುತ್ತಿರುವಾಗಲೇ ತಾಯಿ ಬುತ್ತಿಯ ಗಂಟನ್ನು ಕೆಳಗಿಳಿಸಿದರು. ಹೆಂಗಸರು ಎಣ್ಣೆಹೊಂಡದ ಕಡೆಗೆ ಹೆಜ್ಜೆ ಹಾಕಿದರು.