ಬೇಡಿ ಮತ್ತು ಲಗಾಮು

ಹಳೆಯ ಯಂತ್ರಗಳ ವಿಷಯದಲ್ಲಿ ನನಗೊಂದು ದೌರ್ಬಲ್ಯವುಂಟು. ಮುಂಬಯಿಯ ಚೋರ್ ಬಜಾರಿನಲ್ಲಿ ಅನಾಥವಾಗಿ ಬಿದ್ದಿದ್ದ ಒಂದು ಧ್ವನಿವರ್ಧಕವನ್ನು ಸೊಲ್ಲಾಪುರದವರೆಗೆ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ತಂದುದಕ್ಕೆ ಬೇರೆ ಕಾರಣವಿಲ್ಲ. ಅದು ಅಮೆರಿಕದ ಹ್ಯಾಮಂಡ್ ಎಂ-3 ಆರ್ಗನ್ನಿನ ಒಡಲಿನಿಂದ ಕಿತ್ತು ತೆಗೆದುದು. 1955ರಿಂದ 1964ರವರೆಗೆ ತಯಾರಾದ ಆ ವಾದ್ಯದ ಮರದ ಮೈ ಎಲ್ಲಿ ಹೋಯಿತೋ, ಕಂಠ ಮಾತ್ರ ಉಳಿದಿತ್ತು.

ಅದರ ಕೊನೆಯಲ್ಲಿ 6ವಿ6 ಎಂಬ ಎರಡು ವಾಲ್ವುಗಳು. ಒಂದೇ ಒರಳಿಗೆ ಇಬ್ಬರು ಹೆಂಗಸರು ಸರದಿಯಂತೆ ಒನಕೆ ಹಾಕುವ ಹಾಗೆ ಅವುಗಳ ದುಡಿಮೆ. ಶಕ್ತಿ ಸುಮಾರು 10-12 ವ್ಯಾಟು, ಮನೆಗೆ ಧಾರಾಳ. 117 ವೋಲ್ಟಿನ ನಾಡಿನ ಯಂತ್ರವಾದ್ದರಿಂದ ನಮ್ಮ 230ನ್ನು ಇಳಿಸುವ ಟ್ರಾನ್ಸ್‌ಫಾರ್ಮರು ಬೇಕಾಯಿತು. ಒಣಗಿದ ಕೆಪಾಸಿಟರುಗಳನ್ನು ಬದಲಿಸಿದೆ. ಲೋಹದ ಮೈಗೆ ಅರ್ಥ್ ತಂತಿ ಕೊಟ್ಟೆ. ಸ್ವಿಚ್ಚು ಆರಿಸಿದ ಮೇಲೂ ಇಂಥ ಯಂತ್ರದೊಳಗೆ ಕೊಲ್ಲುವಷ್ಟು ವಿದ್ಯುತ್ತು ಅಡಗಿ ಕುಳಿತಿರುವುದು. ಅದನ್ನು ರೆಸಿಸ್ಟರಿನ ಮೂಲಕ ಬರಿದು ಮಾಡಿ, ಮೀಟರು ಹಚ್ಚಿ ನೋಡಿದ ಬಳಿಕವೇ ಕೈ ಹಾಕಬೇಕು.

ಇಷ್ಟಾಗಿಯೂ ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆ ಹಾಕಿದರೆ ತಂಬೂರಿ ಕಂಬಳಿ ಹೊದ್ದು ಮಲಗಿತ್ತು. ಯೋಚಿಸಿದಾಗ ಕಾರಣ ಹೊಳೆಯಿತು. ಆರ್ಗನ್ನಿನ ಅತ್ಯುಚ್ಚ ಸ್ವರ ಸೆಕೆಂಡಿಗೆ 6,000 ಕಂಪನಗಳನ್ನು ಮೀರದು. ಅದರ ಮೇಲಿನದು ಆ ಯಂತ್ರಕ್ಕೆ ಬರಿಯ ಗದ್ದಲ. ಅದನ್ನು ಅಡಗಿಸಲು ಅಲ್ಲಲ್ಲಿ ಸಣ್ಣ ಕೆಪಾಸಿಟರುಗಳಿದ್ದವು. ತಂಬೂರಿಯ ಝೇಂಕಾರವಾದರೋ ಆ ಎತ್ತರದಲ್ಲಿಯೂ ಮಿನುಗುವಂಥದು.

ನಾನು ಕತ್ತರಿ ಹಿಡಿದೆ. ಆರ್ಗನ್ನಿಗೆ ಮಾತ್ರ ಬೇಕಾದ ಅಲಂಕಾರದ ಜೋಡಣೆಗಳನ್ನು ಬಿಡಿಸಿದೆ. ಸಣ್ಣ ಕೆಪಾಸಿಟರುಗಳನ್ನೆಲ್ಲ ಬೇಡಿಗಳೆಂದು ಬಗೆದು ಕತ್ತರಿಸಿದೆ. ತಂಬೂರಿ ಎಚ್ಚತ್ತಿತು! ಗರ್ವದಿಂದ ಮನೆಯವರನ್ನೆಲ್ಲ ಕರೆದೆ.

ಹತ್ತು ವರ್ಷದ ಮೊಮ್ಮಗಳು ಕಿವಿ ಮುಚ್ಚಿಕೊಂಡಳು. “ಅಜ್ಜಾ, ಸಣ್ಣಗ ಏನೋ ಚೀರಾಕ ಹತ್ತೈತಿ.”

“ಏನೂ ಇಲ್ಲ ಬಿಡವಾ,” ಎಂದೆ. ನನಗೇನೂ ಕೇಳಿಸಲಿಲ್ಲ, ಹೆಂಡತಿಗೂ ಕೇಳಿಸಲಿಲ್ಲ. ಇಬ್ಬರು ಹಿರಿಯರ ಸಾಕ್ಷ್ಯದ ಮುಂದೆ ಮಗುವಿನ ಮಾತು ಬಿದ್ದುಹೋಯಿತು. ಸ್ವಲ್ಪ ಹೊತ್ತಿಗೆ ಒಂದು ವಾಲ್ವಿನ ಒಳತಟ್ಟೆ ಕೆಂಡದಂತೆ ಕೆಂಪಾಯಿತು. ಓಡಿಹೋಗಿ ಆರಿಸಿದೆ.

ಧ್ವನಿವರ್ಧಕದಲ್ಲಿ ಫೀಡ್‌ಬ್ಯಾಕ್ ಎಂಬ ಏರ್ಪಾಡುಂಟು. ಹೊರಟ ಧ್ವನಿಯ ಒಂದಂಶ ಹಿಂದಿರುಗಿ ಬಂದು, ಎಲ್ಲಿ ತಪ್ಪಿತೆಂದು ಮೊದಲಿನ ಹಂತಕ್ಕೆ ತಿಳಿಸುತ್ತದೆ. ತೀರ ಎತ್ತರದ ಕಂಪನಗಳಲ್ಲಿ ಆ ವರದಿ ತಡವಾಗುವುದು. ತಡವಾದ ಖಂಡನೆ ಅಲ್ಲಿ ಹೊಗಳಿಕೆಯಾಗಿ ಪರಿಣಮಿಸಿ, ಯಂತ್ರ ತನ್ನ ಹೊಗಳಿಕೆಗೆ ತಾನೇ ಉಬ್ಬಿ ಚೀರತೊಡಗುತ್ತದೆ. ನಾನು ಕತ್ತರಿಸಿದವುಗಳಲ್ಲಿ ಒಂದು ಬೇಡಿಯಾಗಿರಲಿಲ್ಲ, ಲಗಾಮಾಗಿತ್ತು. ಅದನ್ನು ಮರಳಿ ಬೆಸೆದೆ.

ವಯಸ್ಸಾದ ಕಿವಿ ಎತ್ತರದ ಸ್ವರಗಳನ್ನೇ ಮೊದಲು ಕಳೆದುಕೊಳ್ಳುತ್ತದೆಂದು ಓದಿದ್ದೆ. ಅದು ನನ್ನ ಕಿವಿಯ ಮಾತೆಂದು ಎಣಿಸಿರಲಿಲ್ಲ. ಈಗ ಯಾವ ಯಂತ್ರ ಬಿಚ್ಚಿದರೂ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಆಕೆ ಸರಿಯೆಂದ ಮೇಲೆಯೇ ಮುಚ್ಚಳ ಹಾಕುವುದು.