ಬಟ್ಟೆಯ ಬೊಂಬೆ

ಮುಂಬಯಿಗೆ ಬರುವಾಗ ನಾವು ತಂದ ಟ್ರಂಕಿನಲ್ಲಿ ನಮ್ಮ ತಾಯಿಯವರ ಇಳಕಲ್ ಸೀರೆಯೊಂದಿತ್ತು. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಉಟ್ಟಿರಲಿಲ್ಲ. ಮಡಿಕೆಗಳಲ್ಲಿಯೇ ಅದು ಬಿರಿಯತೊಡಗಿತ್ತು. ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಮನೆಯಾಕೆ ಅದಕ್ಕೆ ಕತ್ತರಿ ಹಿಡಿದಾಗ ನಾವು ಮುನಿದು ಹೊರನಡೆದೆವು.

ಸಂಜೆ ಮರಳಿದಾಗ ಒಂದೂವರೆ ವರ್ಷದ ಮಗಳ ಮಡಿಲಲ್ಲಿ ಹತ್ತಿ ತುಂಬಿದ ಮೆತ್ತನೆಯ ಬೊಂಬೆ ಕುಳಿತಿತ್ತು. ಸೀರೆಯ ಒಡಲಿನಿಂದ ಲಂಗ, ಕೆಂಪು ಸೆರಗಿನಿಂದ ಕುಪ್ಪಸ. ಕಣ್ಣುಗಳು ಮಣಿಯವಲ್ಲ, ದಾರದಲ್ಲಿ ಹೊಲಿದವು. ಎಳೆಯ ಮಗು ಕಿತ್ತು ನುಂಗಬಹುದಾದ ಸಣ್ಣ ವಸ್ತು ಯಾವುದೂ ಅದರಲ್ಲಿರಲಿಲ್ಲ.

ಮಗು ಮೊದಲು ಕಲಿತದ್ದು ಬಿಚ್ಚುವುದನ್ನು. ತೊಡಿಸುವುದು ಕಠಿನವಾದ ವಿದ್ಯೆ. ಅದಕ್ಕೆ ತಿಂಗಳುಗಳೇ ಹಿಡಿದವು. ಅದರೊಡನೆ ಲಂಗ, ಕಸೆ, ಕುಪ್ಪಸ ಎಂಬ ಮಾತುಗಳೂ ನಾಲಗೆಗೆ ಬಂದವು. ಚಾಳಿನಲ್ಲಿ ಮರಾಠಿ, ಹಿಂದಿ ಕೇಳಿ ಬೆಳೆಯುವ ಕೂಸಿಗೆ ಇವನ್ನು ನಾವು ಯಾವ ಪಾಠದಿಂದ ಕಲಿಸುತ್ತಿದ್ದೆವು?

ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಗಳಿಂದ ಕೂಡಿಸಿ ನೇಯುತ್ತಾರೆ. ಒಬ್ಬರನ್ನೊಬ್ಬರು ಕಾಣದ ಅಜ್ಜಿ-ಮೊಮ್ಮಗಳಿಗೆ ಈ ಬೊಂಬೆಯೇ ಕೊಂಡಿಯಾಯಿತು. ನಮ್ಮ ಮುನಿಸು ಅಂದೇ ಕರಗಿತು.

ಮಕ್ಕಳೇ, ನಿಮ್ಮ ಮನೆಯ ಟ್ರಂಕಿನಲ್ಲಿಯೂ ಹಳೆಯ ಸೀರೆಯೊಂದಿದ್ದೀತು. ತಾಯಿಯನ್ನು ಕೇಳಿಕೊಂಡು, ತಮ್ಮನಿಗೋ ತಂಗಿಗೋ ಒಂದು ಬೊಂಬೆ ಹೊಲಿದುಕೊಡಿರಿ. ಅದರ ಉಡುಗೆಗಳ ಹೆಸರನ್ನು ಕನ್ನಡದಲ್ಲಿಯೇ ಹೇಳಿಕೊಡಿರಿ.