ಗಿರಣಿಯ ಶಕುನಿ

ಮಹಾರಾಷ್ಟ್ರದಲ್ಲಿರುವ ನಮ್ಮ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಶಕುನಿಗೆ ಇರುವ ಮರ್ಯಾದೆ ಧರ್ಮರಾಜನಿಗಿಲ್ಲ. ಇದಕ್ಕೆ ಕಾರಣ ವ್ಯಾಸರಲ್ಲ, ಕಂದಗಲ್ಲ ಹನುಮಂತರಾಯರು. ಅವರ ‘ರಕ್ತರಾತ್ರಿ’ ನಾಟಕ ಇಲ್ಲದೆ ಜಾತ್ರೆ ಕಳೆಗಟ್ಟುತ್ತಿರಲಿಲ್ಲ. ಅದರಲ್ಲಿ ವರ್ಷಗಟ್ಟಲೆ ಶಕುನಿಯಾದ ನಮ್ಮೂರ ಕಾಕಾನನ್ನು ಈಗ ಮೊಮ್ಮಕ್ಕಳೂ ಆ ಹೆಸರಿನಿಂದಲೇ ಕರೆಯುತ್ತಾರೆ. ಕಾಕಾಗೆ ಬೇಸರವಿಲ್ಲ. ಭೀಮನೆಂದು ಕರೆದರೆ ಬಹುಶಃ ಸಿಟ್ಟು ಬರುತ್ತಿತ್ತು.

ಹೊಟ್ಟೆಪಾಡಿಗೆ ಅವರು ಸೋಲಾಪುರದ ಬಟ್ಟೆ ಗಿರಣಿಯಲ್ಲಿದ್ದರು. ತಾಲೀಮು ಎಲ್ಲಿ ಮಾಡುತ್ತಿದ್ದಿರಿ ಎಂದು ಕೇಳಿದೆ.

“ಸಾಂಚಾದ ಮುಂದ, ಮಗ್ಗದ ಮುಂದ! ಬಾಜೂಕ ನಿಂತಾವ ಒದರಿದ್ರೂ ಕೇಳಸ್ತಿರಲಿಲ್ಲ. ಅಷ್ಟು ಸಪ್ಪಳದಾಗ ನನ್ನ ಮಾತು ನನಗ ಕೇಳಬೇಕಂದ್ರ ಹೊಕ್ಕಳದಿಂದ ದನಿ ತಗೀಬೇಕು ತಮ್ಮಾ. ಮೈಕ್ ಕೆಟ್ರ ನಾ ಎಂದೂ ಹೆದರಿಲ್ಲ.”

ಕಂದಗಲ್ಲರ ಕನ್ನಡ ಸಂಸ್ಕೃತದ ತೂಕದ್ದು, ಉದ್ದನೆಯದು. ನಮ್ಮ ದಿನದ ಮಾತೋ ಅರ್ಧ ಮರಾಠಿ. ಸಂತೆಯಲ್ಲಿ ಉಳ್ಳಾಗಡ್ಡಿಯ ದರಕ್ಕೆ ಮರಾಠಿಯಲ್ಲಿ ಜಗಳಾಡುವ ಮಂದಿ ರಾತ್ರಿ ಬಣ್ಣ ಹಚ್ಚಿಕೊಂಡರೆ ಒಂದಕ್ಷರ ತಡವರಿಸದೆ ಪುಟಗಟ್ಟಲೆ ಆಡುತ್ತಿದ್ದರು. 1956ರಲ್ಲಿ ರಾಜ್ಯಗಳು ಹಂಚಿಕೆಯಾದಾಗ ನಾವು ಮುಂಬಯಿ ರಾಜ್ಯದಲ್ಲೇ ಉಳಿದೆವು. 1967ರ ಮಹಾಜನ ಗಡಿ ಆಯೋಗದ ವರದಿ ಅಕ್ಕಲಕೋಟ ಕರ್ನಾಟಕಕ್ಕೆ ಸೇರಲಿ ಎಂದಿತು, ಸೇರಲಿಲ್ಲ. ಈ ಮಧ್ಯೆ ನಮ್ಮ ಕನ್ನಡವನ್ನು ಕಾದವರು ಯಾರು ಎಂದರೆ ನಾನು ಯಾವ ಮಂತ್ರಿಯ ಹೆಸರನ್ನೂ ಹೇಳಲಾರೆ. ಶಕುನಿಯ ಹೆಸರು ಹೇಳುತ್ತೇನೆ.

ಹಾಗೆಂದು ಕಾಕಾಗೆ ಮರಾಠಿಯ ಮೇಲೆ ಮುನಿಸಿಲ್ಲ. 1843ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆಯವರು ಮರಾಠಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದ್ದು ಕನ್ನಡದ ಭಾಗವತರ ಆಟ ಕಂಡ ಮೇಲೆ. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳಿದಾಗ ಕಾಕಾ, “ಹೌದು, ಅವರು ನಮ್ಮ ಆಟ ಒಯ್ದ್ರು, ನಮ್ಮ ಪೇಟಿ ಮಾಸ್ತರು ಅವರ ಚಾಲಿ ತಂದ್ರು. ಲೆಕ್ಕ ಚುಕ್ತಾ” ಎಂದರು. ಗಡಿ ಆಯೋಗಕ್ಕೆ ಇಂಥವರನ್ನು ಹಾಕಬೇಕಿತ್ತು.

ಅವರ ಲೆಕ್ಕದಲ್ಲಿ ದೊಡ್ಡವರು ಇಬ್ಬರೇ. ದ್ರೌಪದಿಯೆಂದರೆ ಸುಭದ್ರಮ್ಮ ಮನ್ಸೂರು. ಇನ್ನೊಬ್ಬರು ಹುಡುಗತನದಲ್ಲಿ ಸ್ತ್ರೀ ಪಾತ್ರ ಮಾಡಿ, ಮುಂದೆ ಬಸವಣ್ಣನಾಗಿ, 2017ರಲ್ಲಿ ನೂರು ದಾಟಿ ತೀರಿಕೊಂಡ ಏಣಗಿ ಬಾಳಪ್ಪ. “ಅವರು ನಾಟಕ ಕಂಪನಿಯ ಮಂದಿ. ನಾವು ರಜಾ ಹಾಕಿ ಬಣ್ಣ ಹಚ್ಚಿದವ್ರು” ಎನ್ನುವಾಗ ಕಾಕಾನ ದನಿಯಲ್ಲಿ ಸಂಕೋಚವಿತ್ತು. ನನಗೇನೋ ರಜಾ ಹಾಕಿದವರದೇ ಹೆಚ್ಚುಗಾರಿಕೆ ಅನಿಸುತ್ತದೆ: ಇವರಿಗೆ ಪಗಾರ ಕಡಿತವಾಗುತ್ತಿತ್ತು, ಪಟ್ಟಿಯನ್ನೂ ಕೈಯಿಂದಲೇ ಹಾಕುತ್ತಿದ್ದರು, ಸಿಕ್ಕಿದ ಆಹೇರಿ ಹೊರಗಿನಿಂದ ಕರೆಸಿದ ಹೀರೋಯಿನ್ನಿನ ಬಿಲ್ಲಿಗೂ ಸಾಲುತ್ತಿರಲಿಲ್ಲ.

ಪಾರ್ಟು ಬಿಟ್ಟದ್ದೇಕೆ? “ಹಲ್ಲು ಹೋದುವು. ‘ಶಕುನಿ’ ಅನ್ನಾಕ ಹೋದ್ರ ಬರೇ ಗಾಳಿ ಬರತೈತಿ.”

ಈಗ ಅವರೇ ಮಾಸ್ತರರು. ಈ ಸಲದ ಶಕುನಿ ಮರಾಠಿ ಶಾಲೆಯಲ್ಲಿ ಓದಿದ ಹುಡುಗ. ಕನ್ನಡ ಓದಲು ಬಾರದು, ಮಾತನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡಿದ್ದಾನೆ. ಕಾಕಾ ವಹಿಯನ್ನು ತಿರುಗಿಸಿಯೂ ನೋಡಲಿಲ್ಲ. “ದನಿ ತಗಿ” ಎಂದರು. ಹುಡುಗನ ‘ಳ’ ಚೆನ್ನಾಗಿದೆ.

ನಾಟಕ ರಾತ್ರಿ ಹತ್ತಕ್ಕೆ ಎಂದು ಬೋರ್ಡಿನಲ್ಲಿದೆ. ಹನ್ನೊಂದೂವರೆಗೆ ಬಂದರೆ ನಾಂದಿ ಸಿಗುತ್ತದೆ. ಸೋಲಾಪುರದ ಚಾದರವೊಂದನ್ನು ತಂದುಕೊಳ್ಳಿ, ಮುಗಿಯುವ ಹೊತ್ತಿಗೆ ಬೆಳಗಾಗಿರುತ್ತದೆ.